ವೆಡೆಲಿಯಾ ನೆಡಬೇಡಿ, ಇದ್ದರೆ ಯಂತ್ರ ಹಾಕಿ ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಮಿರಗದ ಮಳೆ ಶುರುವಾಗಿದೆ. ಧಾರವಾಡದ ಬಡಾವಣೆಗಳ ಉದ್ಯಾನಗಳಲ್ಲಿ ಬೆಳಗಾದರೆ ಸಾಕು, ಹುಲ್ಲು ಕತ್ತರಿಸುವ ಯಂತ್ರದ ಸದ್ದು. ಇದೇ ಹೊತ್ತಿಗೆ ನರ್ಸರಿಗಳಿಂದ ಟೆಂಪೊಗಟ್ಟಲೆ ಸಸಿಗಳೂ ಬಂದಿಳಿಯುತ್ತಿವೆ. ಹೊಸ ಲೇಔಟಿನ ದಾರಿಬದಿಗೆ, ಕಲ್ಯಾಣ ಮಂಟಪದ ಮುಂದಿನ ಲಾನಿಗೆ, ಮನೆ ಕಾಂಪೌಂಡಿನ ಅಂಚಿಗೆ. ಆ ಸಸಿಗಳಲ್ಲಿ ಒಂದರ ಬಗ್ಗೆ ನಿಮ್ಮ ಓದುಗರಿಗೆ ಹೇಳಲೇಬೇಕಾಗಿದೆ. ಅದರ ಹೆಸರು ವೆಡೆಲಿಯಾ. ದಯವಿಟ್ಟು ಇದನ್ನು ನೆಡಬೇಡಿ. ಈಗಾಗಲೇ ಬೆಳೆದಿದ್ದರೆ ಯಂತ್ರ ಹಾಕಿ ಕತ್ತರಿಸಬೇಡಿ. ನಾನು ಹೇಳಬೇಕಾದದ್ದು ಇಷ್ಟೇ. ಆದರೆ ಯಾಕೆ ಅನ್ನೋದನ್ನು ಬಿಡಿಸಿ ಹೇಳದಿದ್ದರೆ ಯಾರೂ ಕೇಳುವುದಿಲ್ಲ, ಅಲ್ವಾ?

ಈ ಬಳ್ಳಿಯನ್ನು ನೀವೆಲ್ಲ ನೋಡಿರುತ್ತೀರಿ. ದಟ್ಟ ಹಸಿರು, ಮಿರಿಮಿರಿ ಮಿಂಚುವ ಎಲೆ. ಎಲೆಯ ಎರಡೂ ಬದಿಗೆ ಒಂದೊಂದು ಚೂಪು ಚಾಚಿಕೊಂಡು ಮೂರು ಪಾಲು ಮಾಡಿದಂತೆ ಕಾಣುತ್ತದೆ. ಎರಡು ಮೂರು ಸೆಂಟಿಮೀಟರ್ ಅಗಲದ ಹಳದಿ ಹೂವು, ಹೆಚ್ಚುಕಡಿಮೆ ವರ್ಷವಿಡೀ. ಸೂರ್ಯಕಾಂತಿಯ ಕುಟುಂಬದ್ದೇ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಸ್ಫ್ಯಾಗ್ನೆಟಿಕೋಲ ಟ್ರೈಲೋಬೇಟಾ ಎನ್ನುತ್ತಾರೆ. ಹುಟ್ಟೂರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು. ಚೆಂದಕ್ಕೆಂದು, ಇಳಿಜಾರಿನ ಮಣ್ಣು ಹಿಡಿಯಲೆಂದು ಜಗತ್ತಿನ ಬಿಸಿ ದೇಶಗಳಿಗೆಲ್ಲ ಒಯ್ದು ನೆಟ್ಟರು. ಹಾಗೆಯೇ ನಮ್ಮಲ್ಲಿಗೂ ಬಂತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಮ್ಮ ಬಡಾವಣೆಯ ಸಣ್ಣ ಉದ್ಯಾನದ ಉಸ್ತುವಾರಿಯನ್ನು ನಾವು ಅಕ್ಕಪಕ್ಕದವರೇ ಕೂಡಿ ನೋಡಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಗುತ್ತಿಗೆದಾರರೊಬ್ಬರು ಕಾಂಪೌಂಡಿನ ಗುಂಟ ಈ ಬಳ್ಳಿಯನ್ನು ನೆಡಿಸಿದರು. ಸಸಿಗೆ ರೊಕ್ಕ ಕಡಿಮೆ, ನೀರು ಜಾಸ್ತಿ ಬೇಡ, ಬಿಸಿಲಾದರೂ ಸೈ ನೆರಳಾದರೂ ಸೈ. ಯಾರಿಗೂ ತಪ್ಪು ಅನ್ನಿಸಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಅಂಚು ದಾಟಿ ಹುಲ್ಲುಹಾಸಿನೊಳಗೆ ಬಂದಿತ್ತು. ಕರಿಕೆಯ ಮೇಲೆ ಮೊಣಕಾಲಿನ ಅರ್ಧಕ್ಕೆ ದಟ್ಟವಾಗಿ ಮಲಗಿತು. ಮೇಲಿನ ಎಲೆ ಸರಿಸಿ ನೋಡಿದರೆ ಒಳಗೆ ಕತ್ತಲು. ಕರಿಕೆ ಬೆಳ್ಳಗಾಗಿ, ಎಳೆ ಎಳೆಯಾಗಿ ಸತ್ತಿತ್ತು. ಬೋರ್‌ವೆಲ್ಲಿನ ಹತ್ತಿರ ಪ್ರತಿವರ್ಷ ತಾನಾಗಿ ಏಳುತ್ತಿದ್ದ ತುಂಬೆ ಗಿಡಗಳು ಆ ವರ್ಷ ಏಳಲಿಲ್ಲ. ಗಣೇಶ ಚೌತಿಗೆ ಮೊದಲೆಲ್ಲ ಬಡಾವಣೆಯ ಮಕ್ಕಳು ನಸುಕಿನಲ್ಲಿ ಬಂದು ಕರಿಕೆ ಆರಿಸಿಕೊಂಡು ಹೋಗುತ್ತಿದ್ದರು. ಆ ವರ್ಷ ಸುಭಾಷ್ ರೋಡಿಗೆ ಹೋಗಿ ಸೂಡು ಕೊಂಡು ತರಬೇಕಾಯಿತು.

ಇದಕ್ಕೆ ಮಾಡಿದ ಮದ್ದೇ ರೋಗವನ್ನು ಹೆಚ್ಚು ಮಾಡಿತು. ಹಬ್ಬಿದೆ ಅಂತ ಯಂತ್ರ ಹಾಕಿಸಿದರು. ನುಣ್ಣಗೆ ಕತ್ತರಿಸಿದ್ದನ್ನು ನೋಡಿ ಎಲ್ಲರೂ ಸಮಾಧಾನಪಟ್ಟರು. ಮಳೆ ಬಿದ್ದ ಮೇಲೆ ಎಲ್ಲೆಲ್ಲಿ ಯಂತ್ರ ಚೂರು ಸಿಡಿಸಿತ್ತೋ ಅಲ್ಲೆಲ್ಲ ಹೊಸ ಚಿಗುರು. ನಮ್ಮ ಮಾಲಿ ಆಗಲೇ ಹೇಳಿದ್ದರು: "ಅಕ್ಕೋರ, ಇದು ಕಡದಷ್ಟೂ ಹಿಗ್ಗತೈತಿ ನೋಡ್ರಿ. ಬ್ಯಾರೆ ಕಸದಂಗ ಅಲ್ಲ ಇದು." ಅವರ ಮಾತು ನೂರಕ್ಕೆ ನೂರು ಸರಿ.

ಯಾಕೆ ಅಂತ ತಿಳಿಯಬೇಕಾದರೆ ಒಂದು ಕಾಂಡವನ್ನು ಕೈಯಲ್ಲಿ ಹಿಡಿದು ನೋಡಬೇಕು. ಪೆನ್ಸಿಲಿಗಿಂತ ತೆಳ್ಳಗೆ, ಒಮ್ಮೊಮ್ಮೆ ಕೆಂಪು ಛಾಯೆ. ಅಲ್ಲಲ್ಲಿ ಗಿಣ್ಣು. ಪ್ರತಿ ಗಿಣ್ಣಿನಲ್ಲಿ ಎದುರುಬದುರಾಗಿ ಎರಡು ಎಲೆ, ಎಲೆಯ ಬುಡದಲ್ಲಿ ಒಂದು ಮೊಗ್ಗು. ಗಿಣ್ಣನ್ನು ತಿರುವಿ ಕೆಳಭಾಗ ನೋಡಿ. ಸಾಸಿವೆಗಿಂತ ಸಣ್ಣ ಬಿಳಿ ಗುಳ್ಳೆಗಳು ಕಾಣುತ್ತವೆ. ಅವು ಬೇರಿನ ಮೊಳಕೆ. ನೆಲಕ್ಕೆ ತಾಗುವ ಮೊದಲೇ ತಯಾರಾಗಿ ಕೂತಿರುತ್ತವೆ. ಬೆರಳುದ್ದದ ಒಂದು ತುಂಡನ್ನು ಸ್ಟೀಲ್ ಲೋಟದ ನೀರಿನಲ್ಲಿಟ್ಟು ಅಡುಗೆಮನೆ ಕಿಟಕಿಯಲ್ಲಿ ಇಟ್ಟಿದ್ದೆ. ವಾರ ತುಂಬುವುದರೊಳಗೆ ಬಿಳಿ ಬೇರು ಲೋಟದ ತಳ ಮುಟ್ಟಿತ್ತು. ಈ ಬಳ್ಳಿ ಬೀಜದಿಂದ ಹುಟ್ಟುವುದು ಬಹಳ ಕಡಿಮೆ. ಅದಕ್ಕೆ ಬೀಜದ ಹಂಗೇ ಇಲ್ಲ. ಒಂದೊಂದು ಗಿಣ್ಣೂ ಒಂದೊಂದು ಸಸಿ. ಯಂತ್ರದ ತಂತಿ ಒಂದು ಕಾಂಡವನ್ನು ಹತ್ತು ಚೂರು ಮಾಡಿತು ಅಂದರೆ ನಾವೇ ಹತ್ತು ಸಸಿ ಮಾಡಿ ಚೆಲ್ಲಿದ ಲೆಕ್ಕ.

ಇನ್ನು ಕತ್ತರಿಸಿದ್ದನ್ನು ಎಲ್ಲಿ ಹಾಕುತ್ತಾರೆ? ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಡುವುದು ಇದು. ಗಟಾರಕ್ಕೆ, ಖಾಲಿ ಸೈಟಿಗೆ, ಹಳ್ಳದ ದಂಡೆಗೆ. ಧಾರವಾಡ ಮಲೆನಾಡಿನ ಸೆರಗಿನಲ್ಲಿರುವ ಊರು, ನೀರು ಎರಡು ದಿಕ್ಕಿಗೆ ಹರಿಯುವ ಊರು. ಶಾಲ್ಮಲೆ ಹುಟ್ಟುವುದು ನಮ್ಮ ಸೋಮೇಶ್ವರ ಗುಡಿಯ ಹತ್ತಿರ. ಅದು ಕಲಘಟಗಿ ಕಡೆ ಹರಿದು, ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಇನ್ನೊಂದು ಇಳಿಜಾರಿನ ನೀರು ತುಪ್ಪರಿ ಹಳ್ಳ, ಬೆಣ್ಣಿ ಹಳ್ಳದ ಪಾಲಾಗಿ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ ಹೋಗುತ್ತದೆ. ನಮ್ಮ ಗಟಾರಕ್ಕೆ ಎಸೆದ ಒಂದು ಬುಟ್ಟಿ ಬಳ್ಳಿಗೆ ಯಲ್ಲಾಪುರದ ಕಾಡಿನ ದಾರಿಯೂ ತೆರೆದಿದೆ, ನವಲಗುಂದದ ಹೊಲದ ಬದುವಿನ ದಾರಿಯೂ ತೆರೆದಿದೆ. ಹಸಿ ಜಾಗ ಸಿಕ್ಕರೆ ಅದಕ್ಕೆ ಹಬ್ಬ. ಕೇರಳದಲ್ಲಿ ರಸ್ತೆಬದಿ, ತೋಟ, ಗದ್ದೆಯಂಚುಗಳಿಗೆ ಅದು ಹೇಗೆ ಹಬ್ಬಿದೆ ಅನ್ನೋದನ್ನು ಆ ಕಡೆ ಹೋಗಿ ಬಂದವರು ನೋಡಿರುತ್ತಾರೆ.

ಇದು ಒಬ್ಬ ಟೀಚರಮ್ಮನ ಅತಿ ಕಾಳಜಿ ಅಂದುಕೊಳ್ಳಬೇಡಿ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್‌ನ ತಜ್ಞರ ತಂಡ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿ ಮಾಡಿದೆ. ನಮ್ಮ ಕಾಡು ನುಂಗಿದ ಲಂಟಾನ ಅದರಲ್ಲಿದೆ. ಉಣಕಲ್ ಕೆರೆಯಿಂದ ಮತ್ತೆ ಮತ್ತೆ ಎತ್ತಿಸಬೇಕಾದ, ನೇರಳೆ ಹೂವಿನ ಅಂತರಗಂಗೆ (ವಾಟರ್ ಹಯಸಿಂತ್) ಅದರಲ್ಲಿದೆ. ವೆಡೆಲಿಯಾವೂ ಅದೇ ಪಟ್ಟಿಯಲ್ಲಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 2014ರ ಜೈವಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಇದನ್ನು ಮಾರುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ, ಕಂಡಲ್ಲಿ ಬಿಸಾಡುವಂತಿಲ್ಲ. ನಮ್ಮಲ್ಲಿ ಅದನ್ನೇ ದುಡ್ಡು ಕೊಟ್ಟು ತಂದು ನೆಡುತ್ತಿದ್ದೇವೆ.

ಲಂಟಾನ, ಅಂತರಗಂಗೆ ಎರಡೂ ಹೂವಿನ ಚೆಂದಕ್ಕೇ ಈ ದೇಶಕ್ಕೆ ಬಂದವು. ಲಂಟಾನ ಬಂದದ್ದು 19ನೇ ಶತಮಾನದ ಆರಂಭದಲ್ಲಿ, ಕೋಲ್ಕತ್ತದ ಸಸ್ಯೋದ್ಯಾನಕ್ಕೆ. ಕಾಂಗ್ರೆಸ್ ಕಸದ ಕಥೆ ಬೇರೆ. ಅದನ್ನು ಯಾರೂ ಬೇಕೆಂದು ನೆಡಲಿಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು, ಆಮೇಲೆ ನಮ್ಮ ಹೊಲ, ಹಾದಿ, ಶಾಲೆಯ ಮೈದಾನ ಒಂದನ್ನೂ ಬಿಡಲಿಲ್ಲ. ಅದನ್ನು ತಿನ್ನಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೊದ ಒಂದು ಜೀರುಂಡೆಯನ್ನೇ ತಂದು ಬಿಡಬೇಕಾಯಿತು. ಜೀರುಂಡೆ ಈಗಲೂ ಮಳೆಗಾಲದಲ್ಲಿ ತಿನ್ನುತ್ತದೆ, ಕಸ ಈಗಲೂ ಇದೆ. ತಡವಾದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ. ವೆಡೆಲಿಯಾ ಇನ್ನೂ ಉದ್ಯಾನ, ಡಿವೈಡರ್, ಹಿತ್ತಲಗಳಲ್ಲೇ ಜಾಸ್ತಿ ಇದೆ. ಕೈಯಿಂದ ಕಿತ್ತು ಮುಗಿಸಬಹುದಾದ ಹೊತ್ತು ಇದು.

ಈ ಬಳ್ಳಿಯ ಪರವಾಗಿ ಮಾತಾಡುವವರೂ ಇದ್ದಾರೆ, ಅವರ ಮಾತನ್ನೂ ಕೇಳಿದ್ದೇನೆ. ಹೂವಿಗೆ ಜೇನು ಬರುತ್ತದೆ ಅನ್ನುತ್ತಾರೆ. ಬರುತ್ತದೆ, ನಿಜ. ಆದರೆ ತುಂಬೆಗೂ ಜೇನು ಬರುತ್ತಿತ್ತು, ಚಿಟ್ಟೆ ಬರುತ್ತಿತ್ತು. ಹತ್ತು ತರದ ಗಿಡ ಇದ್ದಲ್ಲಿ ಒಂದೇ ತರದ್ದು ಉಳಿದರೆ ಅದರಿಂದ ಜೇನಿಗೂ ಲಾಭವಿಲ್ಲ. ಈ ಬಳ್ಳಿಯ ಎಲೆಯ ಸಾರ ಬೇರೆ ಬೀಜಗಳ ಮೊಳಕೆಯನ್ನು ತಡೆಯುತ್ತದೆ ಅನ್ನೋದನ್ನೂ ಸಂಶೋಧಕರು ಕಂಡುಕೊಂಡಿದ್ದಾರೆ. ಮಣ್ಣು ಹಿಡಿಯುತ್ತದೆ ಅನ್ನೋದು ಇನ್ನೊಂದು ವಾದ. ಮಣ್ಣು ಹಿಡಿಯಲು ಕರಿಕೆ ಸಾಲದೇ?

ಈಗ ತೆಗೆಯುವ ವಿಚಾರ. ನಮ್ಮ ಉದ್ಯಾನದಲ್ಲಿ ಮಾಲಿ ಮತ್ತು ನಾವು ನಾಲ್ಕೈದು ಮನೆಯವರು ಕೂಡಿ ಮಾಡಿದ್ದನ್ನೇ ಬರೆಯುತ್ತೇನೆ. ಮೊದಲ ಮಳೆಗೆ ನೆಲ ಮೆತ್ತಗಾದ ಹೊತ್ತು ಒಳ್ಳೆಯದು. ಒಣ ನೆಲದಲ್ಲಿ ಜಗ್ಗಿದರೆ ಕಾಂಡ ಮಾತ್ರ ಕಿತ್ತು ಬರುತ್ತದೆ, ಗಿಣ್ಣಿನ ಬೇರು ಒಳಗೇ ಉಳಿಯುತ್ತದೆ. ಮಸಾರಿ ಮಣ್ಣಿದ್ದವರಿಗೆ ಕೆಲಸ ಸಲೀಸು. ಹುಬ್ಬಳ್ಳಿ, ಗದಗ ಕಡೆಯ ಎರೆ ಮಣ್ಣಿನವರು ಮಳೆ ನಿಂತು ಒಂದೆರಡು ದಿನ ಬಿಟ್ಟು ಕೈ ಹಾಕಬೇಕು, ಇಲ್ಲದಿದ್ದರೆ ಮಣ್ಣು ಕಾಲಿಗೆ ಕುರ್ಪಿಗೆ ಅಂಟಿ ಏನೂ ಸಾಗುವುದಿಲ್ಲ. ನಡುವಿನಿಂದ ಶುರು ಮಾಡಬೇಡಿ. ಹೊರ ಅಂಚಿನಿಂದ ಒಳಕ್ಕೆ ಬನ್ನಿ, ಅಂದರೆ ಮುಂದೆ ಹಬ್ಬುವ ತುದಿಗಳು ಮೊದಲು ಸಿಗುತ್ತವೆ. ಒಬ್ಬರು ಬಳ್ಳಿಯ ಹಾಸನ್ನು ಅಂಚಿನಿಂದ ಎತ್ತಿ ಚಾಪೆ ಸುತ್ತಿದ ಹಾಗೆ ಸುತ್ತುತ್ತ ಹೋಗಬೇಕು. ಇನ್ನೊಬ್ಬರು ಹಿಂದೆಯೇ ಕೂತು, ನೆಲಕ್ಕೆ ಕಚ್ಚಿಕೊಂಡ ಗಿಣ್ಣುಗಳನ್ನು ಕುರ್ಪಿಯಿಂದ ಬೇರು ಸಮೇತ ಎಬ್ಬಿಸಬೇಕು. ಬೇರು ಬಹಳ ಆಳಕ್ಕೆ ಹೋಗಿರುವುದಿಲ್ಲ, ತಾಳ್ಮೆ ಇದ್ದರೆ ಪೂರ್ತಿ ಬರುತ್ತದೆ. ಸಲಿಕೆ, ಗುದ್ದಲಿ ಬೇಡ. ಅವು ಕಾಂಡವನ್ನು ತುಂಡು ಮಾಡಿ ಮಣ್ಣಿನಲ್ಲಿ ಹೂಳುತ್ತವೆ.

ಕಿತ್ತದ್ದನ್ನು ಅಲ್ಲೇ ಗುಡ್ಡೆ ಹಾಕಿದರೆ ಗುಡ್ಡೆಯೇ ಚಿಗುರುತ್ತದೆ. ಗೊಬ್ಬರದ ಖಾಲಿ ಚೀಲಗಳನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ, ಕಿತ್ತ ಕೂಡಲೇ ಚೀಲಕ್ಕೆ ಹೋಗಬೇಕು. ಆಮೇಲೆ ಮಾಳಿಗೆಯ ಮೇಲೋ ಸಿಮೆಂಟ್ ನೆಲದ ಮೇಲೋ ತಾಡಪತ್ರಿ ಹಾಸಿ ತೆಳ್ಳಗೆ ಹರವಿ. ಮಳೆ ಬಂದರೆ ಮೇಲೊಂದು ಹೊದಿಸಿ. ಕಾಂಡ ಮುರಿದರೆ ಲಟಕ್ಕನೆ ಸದ್ದು ಬರಬೇಕು, ಬಾಗಿದರೆ ಇನ್ನೂ ಜೀವ ಇದೆ ಅಂತ ಅರ್ಥ. ಅಷ್ಟು ಒಣಗಿದ ಮೇಲೆ ಮಾತ್ರ ಗೊಬ್ಬರದ ಗುಂಡಿಗೆ ಹಾಕಬಹುದು. ಹಸಿಯದ್ದನ್ನು ಗುಂಡಿಗೆ ಹಾಕಿದರೆ ಮುಂದೆ ಆ ಗೊಬ್ಬರ ಹೋದಲ್ಲೆಲ್ಲ ಬಳ್ಳಿಯೂ ಹೋಗುತ್ತದೆ. ದಯವಿಟ್ಟು ಸುಡಬೇಡಿ, ಬಡಾವಣೆಯಲ್ಲಿ ಹೊಗೆಯಿಂದ ಹಿರಿಯರಿಗೆ, ಮಕ್ಕಳಿಗೆ ತೊಂದರೆ.

ಒಂದು ಸಲ ಕಿತ್ತರೆ ಮುಗಿಯಿತು ಅಂದುಕೊಳ್ಳುವವರೇ ಸೋಲುವುದು. ಎಷ್ಟು ಎಚ್ಚರದಿಂದ ಕಿತ್ತರೂ ಚೂರು ಉಳಿದೇ ಉಳಿಯುತ್ತದೆ. ಮಳೆಗಾಲ ಮುಗಿಯುವವರೆಗೆ ಹದಿನೈದು ದಿನಕ್ಕೊಮ್ಮೆ ಆ ಜಾಗದಲ್ಲಿ ಓಡಾಡಿ ನೋಡಬೇಕು. ಎರಡೆಲೆಯ ಚಿಗುರು ಇದ್ದಾಗ ಎರಡು ಬೆರಳಲ್ಲಿ ಕಿತ್ತು ಬರುತ್ತದೆ. ತಿಂಗಳು ಬಿಟ್ಟರೆ ಮತ್ತೆ ಕುರ್ಪಿ ಬೇಕು. ನಮ್ಮಲ್ಲಿ ಸಂಜೆ ವಾಕಿಂಗ್ ಬರುವವರೇ ಈ ಕೆಲಸ ಹಂಚಿಕೊಂಡಿದ್ದಾರೆ. ಹುಲ್ಲೇ ಉಳಿಯದೆ ಪೂರ್ತಿ ಬಳ್ಳಿಯೇ ಆದ ಜಾಗವಿದ್ದರೆ ಇನ್ನೊಂದು ದಾರಿ ಇದೆ. ಏಪ್ರಿಲ್, ಮೇ ಬಿಸಿಲಿನಲ್ಲಿ, ಬಳ್ಳಿ ಕಿತ್ತ ನೆಲಕ್ಕೆ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹಾಸಿ, ನಾಲ್ಕೂ ಅಂಚಿಗೆ ಮಣ್ಣು ಏರಿಸಿ ಗಾಳಿ ಆಡದಂತೆ ಮುಚ್ಚಿ. ನಾಲ್ಕರಿಂದ ಆರು ವಾರ ಬಿಟ್ಟರೆ ಒಳಗಿನ ಕಾವಿಗೆ ಉಳಿದ ಬೇರು, ಚೂರು ಬೇಯುತ್ತವೆ. ಮರದ ನೆರಳಿದ್ದಲ್ಲಿ ಇದು ಕೆಲಸ ಮಾಡದು.

ಔಷಧಿ ಹೊಡೆದರೆ ಆಯಿತಲ್ಲ ಅಂತ ಕೇಳುವವರು ಬಹಳ. ಬೇಡ ಅನ್ನುತ್ತೇನೆ. ಗ್ಲೈಫೋಸೇಟ್ ಎಂಬ ಕಳೆನಾಶಕ ಬಳ್ಳಿಯ ಜೊತೆ ಹುಲ್ಲನ್ನೂ ಕೊಲ್ಲುತ್ತದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಕೀಟ ನಿಯಂತ್ರಣದ ವೃತ್ತಿಯವರಿಗೆ ಮಾತ್ರ ಸೀಮಿತ ಮಾಡಿ ಅಧಿಸೂಚನೆಯನ್ನೂ ಹೊರಡಿಸಿತು. 2,4-ಡಿ ಎಂಬ ಇನ್ನೊಂದು ಕಳೆನಾಶಕ ಹುಲ್ಲನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನಷ್ಟೇ ಕೊಲ್ಲುತ್ತದೆ ನಿಜ. ಆದರೆ ಗಾಳಿಗೆ ಹಾರಿದರೆ ಪಕ್ಕದ ಮನೆಯ ಟೊಮೆಟೊ, ಗುಲಾಬಿ ಮುದುಡುತ್ತವೆ. ಹತ್ತಿ ಬೆಳೆಗಂತೂ ಅದರ ಗಾಳಿ ಸೋಕಿದರೂ ಆಗುವುದಿಲ್ಲ, ಹುಬ್ಬಳ್ಳಿ ಸುತ್ತ ಲೇಔಟಿನ ಬೇಲಿಗೆ ಹತ್ತಿಕೊಂಡೇ ಹತ್ತಿ ಹೊಲಗಳಿವೆ. ಮಕ್ಕಳು ಬರಿಗಾಲಲ್ಲಿ ಆಡುವ ಹುಲ್ಲಿನ ಮೇಲೆ ಇಂಥದ್ದನ್ನು ಸುರಿಯಲು ನನಗಂತೂ ಮನಸ್ಸು ಒಪ್ಪುವುದಿಲ್ಲ. ಕೈಗೆ ಎಟುಕುವ ಕಸಕ್ಕೆ ಕೈಯೇ ಸಾಕು.

ಕಿತ್ತ ಜಾಗವನ್ನು ಬೋಳಾಗಿ ಬಿಡಬೇಡಿ, ಕಾಂಗ್ರೆಸ್ ಕಸ ಬಂದು ಕೂರುತ್ತದೆ. ಬಿಸಿಲಿದ್ದಲ್ಲಿ ಕರಿಕೆಯ ಬೇರುತುಂಡುಗಳನ್ನು ಒತ್ತಿಬಿಡಿ. ಹೊಲದಲ್ಲಿ ಕರಿಕೆ ರೈತನಿಗೆ ವೈರಿ, ಅದು ನನಗೂ ಗೊತ್ತು, ನಾನೂ ಒಕ್ಕಲುತನದ ಮನೆಯಲ್ಲೇ ಬೆಳೆದವಳು. ಆದರೆ ಉದ್ಯಾನದಲ್ಲಿ ಅದರಷ್ಟು ಕಡಿಮೆ ನೀರಿಗೆ, ಅಷ್ಟು ತುಳಿತಕ್ಕೆ ತಾಳುವ ಹುಲ್ಲು ಬೇರೆ ಇಲ್ಲ. ಕಷ್ಟ ಇರುವುದು ದೊಡ್ಡ ಮರಗಳ ನೆರಳಲ್ಲಿ. ಅಲ್ಲಿ ಕರಿಕೆ ಏಳುವುದಿಲ್ಲ, ಅದಕ್ಕೇ ಅಲ್ಲವೇ ಜನ ವೆಡೆಲಿಯಾ ತರುವುದು. ತೇವ ಇದ್ದರೆ ಒಂದೆಲಗ ಹಚ್ಚಿ, ಚಟ್ನಿಗೂ ಆದೀತು. ತೇವ ಇಲ್ಲದಿದ್ದರೆ ಮರದ ಉದುರೆಲೆಯನ್ನು ಗುಡಿಸದೆ ಹಾಗೇ ಬಿಟ್ಟುಬಿಡಿ. ಪ್ರತಿ ಅಂಗುಲವೂ ಹಸಿರಾಗಿ ಹೊಳೆಯಲೇಬೇಕು ಅನ್ನೋ ಹಟ ಯಾಕೆ?

ಕೆಲವು ಕೆಲಸಗಳು ನಮ್ಮಂಥವರ ಕೈಯಲ್ಲಿಲ್ಲ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಉದ್ಯಾನ ಮತ್ತು ರಸ್ತೆ ವಿಭಜಕಗಳ ಟೆಂಡರ್ ಬರೆಯುವ ಅಧಿಕಾರಿಗಳು ಸಸಿಗಳ ಪಟ್ಟಿಯಲ್ಲಿ ಈ ಹೆಸರಿದ್ದರೆ ಒಂದು ಗೆರೆ ಎಳೆಯಬೇಕು. ಕತ್ತರಿಸಿದ ಬಳ್ಳಿಯನ್ನು ಎಲ್ಲಿ ಹಾಕಬೇಕು ಅನ್ನೋದನ್ನೂ ಅದೇ ಟೆಂಡರಿನಲ್ಲಿ ಬರೆಯಬೇಕು. ಗಟಾರಕ್ಕೆ ಹಾಕಿದವರಿಗೆ ಬಿಲ್ಲು ತಡೆದರೆ ಸಾಕು, ತಾನಾಗಿ ನಿಲ್ಲುತ್ತದೆ. ನರ್ಸರಿಯವರಲ್ಲೂ ಕೈಮುಗಿದು ಕೇಳುತ್ತೇನೆ, ಗಿರಾಕಿ ಕೇಳಿದರೂ ಬೇರೆಯದನ್ನು ತೋರಿಸಿ. ನಮ್ಮ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಸುತ್ತಲಿನ ಜಿಲ್ಲೆಗಳಿಂದೆಲ್ಲ ಜನ ಬರುತ್ತಾರೆ. ಅಲ್ಲಿ ಒಂದು ಮೇಜಿನ ಮೇಲೆ ಈ ಬಳ್ಳಿಯ ತುಂಡನ್ನು ಗಾಜಿನ ಲೋಟದಲ್ಲಿ ಬೇರು ಕಾಣುವಂತೆ ಇಟ್ಟರೆ ನನ್ನ ಈ ಇಡೀ ಪತ್ರಕ್ಕಿಂತ ಜಾಸ್ತಿ ಕೆಲಸವಾಗುತ್ತದೆ.

ನಮ್ಮ ಉದ್ಯಾನದ ಮುಕ್ಕಾಲು ಪಾಲು ಈಗ ಮತ್ತೆ ಕರಿಕೆಯಾಗಿದೆ. ಕಾಂಪೌಂಡಿನ ಮೂಲೆಯಲ್ಲಿ, ಪಕ್ಕದ ಖಾಲಿ ಸೈಟಿನಿಂದ ಕಲ್ಲಿನ ಸಂದಿಯಲ್ಲಿ ಬಳ್ಳಿ ಇನ್ನೂ ನುಗ್ಗುತ್ತಿದೆ. ಆ ಸೈಟಿನ ಮಾಲೀಕರು ಬೇರೆ ಊರಿನಲ್ಲಿದ್ದಾರೆ, ಫೋನು ಮಾಡಿ ಒಪ್ಪಿಸಿದ್ದೇವೆ, ಮುಂದಿನ ಭಾನುವಾರ ಅಲ್ಲೂ ಕೈ ಹಾಕುತ್ತೇವೆ. ಬೇರೆ ಬಡಾವಣೆಯವರು ಬಂದು ನೋಡಿ ಕಲಿತು ಹೋಗುವುದಾದರೆ ನಮ್ಮ ಮಾಲಿ ಕುರ್ಪಿ ಹಿಡಿಯುವ ರೀತಿಯನ್ನು ಖುಷಿಯಿಂದ ತೋರಿಸುತ್ತಾರೆ.

ತಮ್ಮಲ್ಲಿ ಒಂದು ವಿನಂತಿ. ಪತ್ರದ ಜೊತೆ ಎಲೆ, ಹೂವು ಮತ್ತು ಗಿಣ್ಣಿನ ಫೋಟೊಗಳನ್ನು ಕಳಿಸಿದ್ದೇನೆ. ಜಾಗ ಕಡಿಮೆ ಇದ್ದರೆ ನನ್ನ ಮಾತನ್ನು ಬೇಕಾದಷ್ಟು ಮೊಟಕು ಮಾಡಿ, ಫೋಟೊ ಮಾತ್ರ ಬಿಡಬೇಡಿ. ಆರಿದ್ರಾ ಮಳೆ ಹಿಡಿಯುವ ಮೊದಲೇ ಅಚ್ಚಾದರೆ ಓದಿದವರಿಗೆ ಈ ವರ್ಷವೇ ಕೀಳಲು ಹೊತ್ತು ಸಿಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಧಾರವಾಡ